ಬದಾಮಿಗೆ ಮೊಸರು ಒಯ್ಯುವ ಗುರುಲಿಂಗವ್ವ

"ನಿಮ್ಮ ವ್ರತ ನಿಮಗಿರ್ಲಿ ಅವ್ವಾರ. ಮಾಸ್ತರನ್ನ ಯಾಕ ಉಪವಾಸ ಕೆಡವೀರಿ?"

"ಯಾರು ಕೆಡವ್ಯಾರ ಉಪವಾಸ? ಅನ್ನ ಅದ, ಸಾರು ಅದ. ಚಾತುರ್ಮಾಸದಾಗ ಈ ತಿಂಗಳು ಮೊಸರು ಮುಟ್ಟೂದಿಲ್ಲ ನಾವು. ನಮ್ಮ ಮನಿ ಪದ್ಧತಿ ನಿನಗೇನು ಗೊತ್ತು?"

"ಪದ್ಧತಿ ಗೊತ್ತಿಲ್ರಿ. ಮಾಸ್ತರ ಎಲುಬು ಎದ್ದು ಕಾಣತಾವು, ಅದು ಗೊತ್ತೈತಿ!"

ಬದಾಮಿಯ ಗುಡ್ಡಕ್ಕೆ ಇನ್ನೂ ಬಿಸಿಲು ತಾಗಿಲ್ಲ. ಹೊಸ್ತಿಲ ಹೊರಗೆ ಮೊಸರಿನ ಡಬ್ಬಿ ಹಿಡಿದು ನಿಂತವಳು ಗುರುಲಿಂಗವ್ವ, ಬಾಗಲಕೋಟೆಯ ಆಸ್ಪತ್ರೆಯೊಂದರ ಆಪರೇಶನ್ ವಾರ್ಡಿನ ಆಯಾ. ಒಳಗೆ ಅಡ್ಡ ನಿಂತವರು ರುಕ್ಮಿಣೀಬಾಯಿ. ಅವರ ಪತಿ, ನಿವೃತ್ತ ಶಿಕ್ಷಕ ವಾಸುದೇವರಾಯರು, ಪಡಸಾಲೆಯ ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ್ದಾರೆ.

ರಾಯರಿಗೆ ಪಿತ್ತನಾಳದ ಕ್ಯಾನ್ಸರ್. ಮುಂಗಾರಿನ ಆರಂಭದಲ್ಲಿ ಆಪರೇಶನ್ ಆಗಿದೆ. ಗಡ್ಡೆ ಪೂರ್ತಿ ಹೊರಬಂದಿದೆ, ಕತ್ತರಿಸಿದ ಅಂಚಿನಲ್ಲಿ ರೋಗ ಉಳಿದಿಲ್ಲ. ಇದು ಒಳ್ಳೆಯ ಸುದ್ದಿ. ಆದರೆ ಪಕ್ಕದ ಗ್ರಂಥಿಯೊಂದಕ್ಕೆ ರೋಗ ತಗುಲಿದೆ, ಅದಕ್ಕೇ ಕೀಮೋ ಬೇಕು. ಮೈಯಲ್ಲಿ ಕಸುವಿಲ್ಲವೆಂದು ವೈದ್ಯರು ಅದನ್ನು ಒಮ್ಮೆ ಮುಂದೂಡಿದ್ದಾರೆ. ಸೋಮವಾರ ಮತ್ತೆ ನೋಡುತ್ತಾರೆ. ಹಾಲು ಕುಡಿದರೆ ರಾಯರ ಹೊಟ್ಟೆ ಕೆಡುತ್ತದೆ, ಬೇಳೆ ಸೇರುವುದಿಲ್ಲ. ದಕ್ಕುವುದೊಂದೇ, ಕೆನೆ ತೆಗೆದ ಮೊಸರು. ಅದನ್ನೇ ಮನೆಯಲ್ಲಿ ನಿಲ್ಲಿಸಿದ್ದಾರೆ!

ಆಪರೇಶನ್ ಗೆದ್ದರೆ ಜನ ಸರ್ಜನ್ನರಿಗೆ ಹಾರ ಹಾಕುತ್ತಾರೆ. ಹಾಕಲಿ. ಆದರೆ ಹೊಲಿಗೆ ಬಿಚ್ಚಿದ ಮೇಲೆ ರೋಗಿ ಬದುಕಬೇಕಾದದ್ದು ಮನೆಯಲ್ಲಿ. ಅಲ್ಲಿ ಏನು ಉಣ್ಣುತ್ತಾನೆ, ಜ್ವರ ಬಂದರೆ ಯಾರಿಗೆ ಹೇಳುತ್ತಾನೆ, ಕಣ್ಣು ಮತ್ತೆ ಹಳದಿಯಾದರೆ ದವಾಖಾನೆಗೆ ಬರುತ್ತಾನೋ ಕಾಮಾಲೆ ಔಷಧಿಯವನ ಬಳಿ ಓಡುತ್ತಾನೋ, ಇದನ್ನೆಲ್ಲ ಯಾರು ನೋಡಬೇಕು? ಯಾರೂ ನೋಡುವುದಿಲ್ಲ. ಗುರುಲಿಂಗವ್ವ ನೋಡುತ್ತಾಳೆ.

ಅವಳ ಊರು ಕಮತಗಿ. ಗಂಡ ತೀರಿದ ಮೇಲೆ ವಾರ್ಡು ಸೇರಿದವಳು. ನೆಲ ಒರೆಸುವುದು, ರೋಗಿಗಳ ಮಗ್ಗಲು ಬದಲಿಸುವುದು, ಪಿತ್ತ ತುಂಬಿದ ಚೀಲ ಖಾಲಿ ಮಾಡುವುದು ಅವಳ ಕೆಲಸ. ರೋಗಿಗಳ ಊರಿಗೆ ಹೋಗು ಎಂದು ಯಾರೂ ಹೇಳಿಲ್ಲ. ಮೇಲಿನವರು ಬೈಯುತ್ತಲೇ ಇರುತ್ತಾರೆ. ಆದರೂ ರಜೆ ಸಿಕ್ಕ ದಿನ ಮನೆಯ ಎಮ್ಮೆ ಹಿಂಡಿ, ಮೊದಲ ಬಸ್ಸಿಗೇ ಹೊರಡುತ್ತಾಳೆ. ಒಮ್ಮೆ ಕುಳಗೇರಿ ಕ್ರಾಸ್, ಒಮ್ಮೆ ಇಳಕಲ್ಲು. ಕುಂತಲ್ಲಿ ಕೂರುವ ಜೀವವೇ ಅಲ್ಲ.

"ನೀನು ಹೋಗಿ ನೋಡಿದವರೆಲ್ಲ ಉಳಿಯುತ್ತಾರೇನು?" ಎಂದು, ಅವಳ ಬಗ್ಗೆ ಪತ್ರಿಕೆಗೆ ಬರೆಯಲು ಜೊತೆಗೆ ಹೊರಟಿದ್ದ ನಾನು ಬಸ್ಸಿನಲ್ಲಿ ನೇರವಾಗಿಯೇ ಕೇಳಿದ್ದೆ.

"ಎಲ್ಲಿ ಉಳೀತಾರ್ರಿ! ಇಳಕಲ್ಲಾಗ ಖಲೀಲಭಾಯಿ ಅಂತ ಒಬ್ಬ ನೇಕಾರ ಇದ್ದ. ಹೇಳಿದ್ದೆಲ್ಲಾ ತಿಂದ, ಕೀಮೋ ಪೂರಾ ಮುಗಿಸಿದ. ಆದ್ರೂ ಹೋದ. ಅಂಚಿನಾಗ ರೋಗ ಉಳದಿತ್ತಂತ. ಅದು ನನ್ನ ಕೈಯಾಗಿಲ್ಲ. ಉಣ್ಣಸೂದು ಕೈಯಾಗೈತಿ. ಅದನ್ನೂ ಬಿಟ್ಟು ಕುಂತ್ರ ಎದಿ ಹೊಡಕೋತೈತ್ರಿ."

ಹೊಸ್ತಿಲಲ್ಲಿ ಜಗಳ ಏರುತ್ತಿದೆ. ನನಗೂ ಸಿಟ್ಟು ತಡೆಯುವುದಿಲ್ಲ. "ರೋಗಿಗೆ ಯಾವ ವ್ರತವೂ ಇಲ್ಲ ತಾಯಿ" ಎಂದು ಬಾಯಿ ಹಾಕುತ್ತೇನೆ.

"ಪೇಪರ್‌ನವರ, ನೀವು ಸುಮ್ನ ಕುಂದರ್ರಿ!" ಗುರುಲಿಂಗವ್ವ ಗದರುತ್ತಾಳೆ.

ರುಕ್ಮಿಣೀಬಾಯಿಯವರ ದನಿ ಒಡೆಯುತ್ತದೆ. "ಯಾರ ಸಲುವಾಗಿ ಹಿಡದೇನಿ ನಾ ಈ ವ್ರತ? ಇವರು ಉಳೀಲಿ ಅಂತನ ಹೌದಲ್ಲೊ? ಈಗ ನಾನ ಮುರದು, ಏನರೆ ಆದ್ರ?"

ಗುರುಲಿಂಗವ್ವನ ಏರುದನಿ ಅಲ್ಲಿಗೇ ನಿಲ್ಲುತ್ತದೆ. ಡಬ್ಬಿಯನ್ನು ಹೊಸ್ತಿಲ ಪಕ್ಕದ ಕಟ್ಟೆಯ ಮೇಲಿಡುತ್ತಾಳೆ.

"ಮುರೀಬ್ಯಾಡ್ರಿ ಅವ್ವಾರ. ಅವರ ಪಾಲಿಂದೂ ನೀವ ಹಿಡೀರಿ. ಉಳದ್ರ ಮುಂದಿನ ವರ್ಷ ತಮ್ಮದು ತಾವ ಹಿಡೀತಾರ."

ಮಂಚದ ಮೇಲೆ ರಾಯರು ನಿಧಾನ ಇತ್ತ ಹೊರಳುತ್ತಾರೆ.

"ಎಮ್ಮೀದೇನವಾ ಮೊಸರು?"

"ಹೌದ್ರಿ ಮಾಸ್ತರ. ಕಮತಗಿ ಎಮ್ಮಿ, ಚಾತುರ್ಮಾಸ ಮಾಡಂಗಿಲ್ರಿ ಅದು."

ರಾಯರ ಒಣಗಿದ ತುಟಿ ನಗಲು ನೋಡುತ್ತದೆ. ರುಕ್ಮಿಣೀಬಾಯಿ ನಗುವುದಿಲ್ಲ, ಡಬ್ಬಿಯನ್ನೇ ನೋಡುತ್ತ ನಿಲ್ಲುತ್ತಾರೆ. ಗುರುಲಿಂಗವ್ವ ಚಪ್ಪಲಿ ಮೆಟ್ಟಿ ಓಣಿಗೆ ಇಳಿದೇಬಿಡುತ್ತಾಳೆ. ನಾನು ಹಿಂದೆ ಓಡುತ್ತೇನೆ.

"ಅಲ್ಲಾ, ಉಂಡರೋ ಇಲ್ಲವೋ ನೋಡದೆ ಹೊರಟೆಯಲ್ಲ?"

"ನಾ ನಿಂತ್ರ ಆಯಾ ಮುಂದ ಸೋತಂಗ ಅಕ್ಕೈತ್ರಿ ಅವ್ವಾರಿಗೆ. ನನ್ನ ಮ್ಯಾಲ ಸಿಟ್ಟಿರ್ಲಿ. ಸೋಮವಾರ ಮಾಸ್ತರ ದವಾಖಾನಿ ಗೇಟಿನಾಗ ಕಂಡ್ರ ಸಾಕು."

ಓಣಿಯ ತಿರುವಿನಲ್ಲಿ ಹಿಂದಿನಿಂದ ಕೂಗು ಕೇಳಿಸುತ್ತದೆ. ರುಕ್ಮಿಣೀಬಾಯಿ ಬಾಗಿಲಿಗೆ ಬಂದಿದ್ದಾರೆ.

"ಏ ಗುರುಲಿಂಗವ್ವಾ! ಇದಕ್ಕ ಉಪ್ಪು ಹಾಕಬೇಕೋ, ಸಕ್ಕರಿಯೋ?"

"ಮಾಸ್ತರನ್ನ ಕೇಳ್ರಿ!"

ಅಷ್ಟು ಕೂಗಿ ಬಸ್‌ಸ್ಟ್ಯಾಂಡಿನ ಕಡೆಗೆ ಬಿರಬಿರನೆ ನಡೆಯುತ್ತಾಳೆ. ಚಾ ಕುಡಿದು ಹೋಗು ಎಂಬ ಮಾತೂ ಹಿಂದೆಯೇ ಬರುತ್ತದೆ. ಅವಳು ತಿರುಗಿ ನೋಡುವುದಿಲ್ಲ.