ಕಲ್ಲಕ್ಕನ ಉಲ್ಕೆ

ಆ ಕಚೇರಿಯಲ್ಲಿ ಆಕೆಯನ್ನು ಹೆಸರು ಹಿಡಿದು ಕರೆದವರಿಲ್ಲ. ಎಲ್ಲರಿಗೂ ಆಕೆ ಕಲ್ಲಕ್ಕ. ಬೇಕರಿಯ ಮೇಲಿನ ಎರಡು ಕೋಣೆಗಳಲ್ಲಿ ಒಂದಷ್ಟು ಜನ ಕೂತು ವಿಡಿಯೋ ಗೇಮ್ ಕಟ್ಟುತ್ತಿದ್ದರು. ಕತ್ತಿ ಹಿಡಿದ ವೀರ, ಮಂತ್ರವಾದಿ, ರೆಕ್ಕೆಯ ಸರ್ಪ, ಹೀಗೆ ಮೆರೆಯುವ ಕೆಲಸವೆಲ್ಲ ಬೇರೆಯವರದು. ಕಲ್ಲಕ್ಕನ ಪಾಲಿಗೆ ಬಂದದ್ದು ಕಲ್ಲು. ಹೊಳೆಯ ಕಲ್ಲು, ಗುಡ್ಡದ ಕಲ್ಲು, ಪಾಳು ಕೋಟೆಯ ಕಲ್ಲು. ಆಡುವವರು ಅವುಗಳ ಹಿಂದೆ ಅಡಗುತ್ತಾರೆ, ಮೇಲೆ ಹತ್ತಿ ಜಿಗಿಯುತ್ತಾರೆ. ನಿಂತು ನೋಡುವವರು ಮಾತ್ರ ಒಬ್ಬರೂ ಇಲ್ಲ. ವರ್ಷಗಟ್ಟಲೆ ಹಾಗೇ ನಡೆದಿತ್ತು, ಆಕೆಯೂ ತುಟಿ ಪಿಟಕ್ಕೆಂದಿರಲಿಲ್ಲ.

ಒಂದು ಮಧ್ಯಾಹ್ನ ಆಕೆಯ ಕೈ ತಪ್ಪಿತು. ದಾರಿಯ ಬದಿಗೆ ಇಡಬೇಕಿದ್ದ ಬೆಣಚುಕಲ್ಲಿನ ಅಳತೆ ತುಂಬುವಾಗ ಬೆರಳು ಸೊನ್ನೆಯ ಮೇಲೆ ಕೊಂಚ ಹೆಚ್ಚು ಹೊತ್ತು ಕೂತಿತು. ಸಾಲದ್ದಕ್ಕೆ, ಕಲ್ಲನ್ನು ನೆಲಕ್ಕೆ ಅಂಟಿಸುವುದೂ ಮರೆತುಹೋಗಿತ್ತು. ಪರದೆಯ ಮೇಲೆ ಆಟ ಶುರುವಾದದ್ದೇ ತಡ, ಗುಡ್ಡದಷ್ಟು ದೊಡ್ಡ ಕಲ್ಲೊಂದು ಆಕಾಶದಿಂದ ದೊಪ್ಪನೆ ಬಂದು, ಆಟದ ಕಥೆ ಬರೆಯುವ ಕಥೆಗಾರ ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡು ರೂಪಿಸಿದ್ದ ಹಳ್ಳಿಯ ಮೇಲೆ ಕೂತುಬಿಟ್ಟಿತು. ಬಾವಿ, ಕುಲುಮೆ, ಮುಖಂಡನ ಮನೆ, ಎಲ್ಲ ಅಡಿಗೆ ಹೋದವು. ಕಚೇರಿಗೆ ಕಚೇರಿಯೇ ಹೊಟ್ಟೆ ಹುಣ್ಣಾಗುವಂತೆ ನಕ್ಕಿತು.

ಕಲ್ಲಕ್ಕ ನಗಲಿಲ್ಲ. ಮುಷ್ಟಿಯಷ್ಟಿದ್ದಾಗ ಯಾರ ಕಣ್ಣಿಗೂ ಬೀಳದ ಬಿರುಕು, ಗೀರು, ಕಲೆಗಳು ಈಗ ಎದ್ದು ಕಾಣುತ್ತಿದ್ದವು. ಒಂದೊಂದನ್ನೂ ಆಕೆಯೇ ಕೈಯಾರೆ ಬಿಡಿಸಿದ್ದು. ಇಷ್ಟು ಕಾಲ ತಾನು ಮಾಡಿದ್ದು ಇದನ್ನೇ ಅಲ್ಲವೇ ಎಂದು ಹೆಮ್ಮೆಯಾಯಿತು. ಹಿಂದೆಯೇ ಸಿಟ್ಟೂ ಬಂತು.

ಯಜಮಾನನನ್ನು ಎಲ್ಲರೂ ದೊಡ್ಡಣ್ಣ ಎನ್ನುತ್ತಿದ್ದರು. ಟೀ ಲೋಟ ಹಿಡಿದು ಬಂದವನು, "ತೆಗೆದುಬಿಡಮ್ಮ ಅದನ್ನ, ಹಳ್ಳಿ ವಾಪಸ್ ಬರಲಿ," ಎಂದ.

"ತೆಗೆಯಲ್ಲ ದೊಡ್ಡಣ್ಣ. ಆಕಾಶದಿಂದ ಬಿದ್ದಿದೆ, ಉಲ್ಕೆ ಅನ್ನೋಣ."

"ಉಲ್ಕೆ ಅಲ್ಲ ಅದು, ನಿನ್ನ ಕೈತಪ್ಪು."

"ತಪ್ಪಾದ್ರೂ ನನ್ನ ಕೈದೇ ತಾನೇ. ಇರಲಿ."

ಅಷ್ಟರಲ್ಲಿ ಕಥೆಗಾರ ಎದ್ದು ಬಂದ. ಜಗಳವೇ ಆಗುತ್ತದೆ ಎಂದು ಎಲ್ಲರೂ ಕಿವಿ ನೆಟ್ಟಗೆ ಮಾಡಿದರು. ಅವನು ಪರದೆಯನ್ನು ನೋಡಿ ತಲೆ ಕೆರೆದುಕೊಂಡ. "ನಿಜ ಹೇಳ್ಬೇಕಂದ್ರೆ ನನ್ನ ಹಳ್ಳೀಲಿ ಏನೂ ನಡೀತಾನೇ ಇರಲಿಲ್ಲ. ಈಗ ನಡೀತು. ಜನರನ್ನ ಉಳಿಸ್ಕೊಂಡು ಕಲ್ಲಿನ ಸುತ್ತ ಮನೆ ಕಟ್ಟಿಸ್ತೀನಿ ಬಿಡಿ," ಎಂದ.

ದೊಡ್ಡಣ್ಣ ಅಷ್ಟಕ್ಕೆ ಬಗ್ಗುವ ಆಸಾಮಿಯಲ್ಲ. "ಸರಿ, ಇರಲಿ. ಆದ್ರೆ ವೀರ ಬಂದು ಸುತ್ತಿಗೆಯಿಂದ ಒಡೀಬೇಕು, ಒಳಗೆ ಮಾಯಾಖಡ್ಗ ಸಿಗಬೇಕು. ಒಡೆಯೋಕೆ ಏನೂ ಇಲ್ದಿದ್ರೆ ಜನ ಯಾಕೆ ಆಡ್ತಾರೆ? ಎಷ್ಟು ಏಟಿಗೆ ಒಡೀಬೇಕು ಅಂತ ನೀನೇ ತುಂಬು. ಶುಕ್ರವಾರ ಬಂಡವಾಳ ಹಾಕೋರು ನೋಡೋಕೆ ಬರ್ತಾರೆ. ಆಗಲ್ಲ ಅಂದ್ರೆ ಕಲ್ಲೂ ಬೇಡ, ನೀನೂ ಬೇಡ."

ಸಂಜೆ ಆಕೆ ಅಮ್ಮನ ಅಂಗಡಿಗೆ ಹೋದಳು. ಅಂಗಡಿ ಎಂದರೆ ಹಳೆಯ ಕಟ್ಟಡವೊಂದರ ಮೆಟ್ಟಿಲ ಕೆಳಗಿನ ಜಾಗ. ಒಂದು ಹೊಲಿಗೆ ಯಂತ್ರ, ಒಂದು ಸ್ಟೂಲು. ಕಟ್ಟಡದ ಮಾಲೀಕರು ಬದಲಾಗುತ್ತ ಬಂದರು, ಬಂದವರೆಲ್ಲ ಎಬ್ಬಿಸಲು ನೋಡಿದರು. ಅಮ್ಮ ಯಂತ್ರ ತುಳಿಯುವುದನ್ನು ನಿಲ್ಲಿಸದೆ, "ಈ ತೋಳೊಂದು ಮುಗೀಲಿ ಸ್ವಾಮಿ," ಎನ್ನುತ್ತಿದ್ದಳು. ಆ ತೋಳು ಇವತ್ತಿಗೂ ಮುಗಿದಿಲ್ಲ.

ಮಗಳ ಮಾತು ಕೇಳಿ ಅಮ್ಮ ಹಲ್ಲಿನಲ್ಲಿ ದಾರ ಕಡಿದಳು. "ಒಂದು ಕಲ್ಲಿಗೋಸ್ಕರ ನಿನ್ನ ಅನ್ನಕ್ಕೆ ನೀನೇ ಕಲ್ಲು ಹಾಕ್ಕೋತೀಯಾ?"

"ನೀನು ಎದ್ದಿದ್ಯಾ ಇಲ್ಲಿಂದ?"

ಅಮ್ಮ ಮತ್ತೆ ಯಂತ್ರ ತುಳಿಯತೊಡಗಿದಳು.

ಶುಕ್ರವಾರ ಬಂದವರಲ್ಲಿ ಕನ್ನಡಕದ ಹೆಂಗಸೊಬ್ಬಳು ಆಟಕ್ಕೆ ಕೂತಳು. ವೀರ ಹಳ್ಳಿ ಹೊಕ್ಕ, ಉಲ್ಕೆಯ ಮುಂದೆ ನಿಂತ, ಸುತ್ತಿಗೆ ಬೀಸಿದ. ಬೀಸಿದ, ಬೀಸಿದ, ಬೀಸುತ್ತಲೇ ಇದ್ದ. ಒಂದು ಚೂರೂ ಉದುರಲಿಲ್ಲ. ದೊಡ್ಡಣ್ಣ ಬೆವರು ಒರೆಸಿಕೊಳ್ಳುತ್ತ ಕಲ್ಲಕ್ಕನ ಮೇಜಿಗೆ ಬಂದು ಬಗ್ಗಿದ.

"ಎಷ್ಟು ಏಟು ತುಂಬಿದ್ದೀಯಾ?"

"ತುಂಬಿಲ್ಲ. ಖಾಲಿ ಬಿಟ್ಟಿದ್ದೀನಿ."

ಆ ಜಾಗ ಖಾಲಿ ಬಿಟ್ಟರೆ ಆಟದಲ್ಲಿ ಆ ವಸ್ತುವಿಗೆ ಸಾವೇ ಇಲ್ಲ. ಅಲ್ಲಿದ್ದವರಿಗೆಲ್ಲ ಅದು ಗೊತ್ತಿತ್ತು.

"ಮತ್ತೆ ಖಡ್ಗ?"

"ಒಳಗೂ ಕಲ್ಲೇ ಇದೆ ದೊಡ್ಡಣ್ಣ."

ಅತ್ತ ಆ ಹೆಂಗಸು ಬೆರಳು ನೋವಾಗಿ ಸುತ್ತಿಗೆ ಬೀಸುವುದನ್ನು ಬಿಟ್ಟಿದ್ದಳು. ವೀರನನ್ನು ಕಲ್ಲಿನ ಹತ್ತಿರಕ್ಕೆ ನಡೆಸಿ, ಕನ್ನಡಕ ಸರಿಮಾಡಿಕೊಂಡು, ಬಿರುಕುಗಳನ್ನು ನೋಡುತ್ತ ನಿಧಾನವಾಗಿ ಸುತ್ತು ಹಾಕುತ್ತಿದ್ದಳು. ದೊಡ್ಡಣ್ಣ ಆ ಕಡೆ ತಿರುಗಲೇ ಇಲ್ಲ.

"ಈಗಲೇ ಒಂದು ಸಂಖ್ಯೆ ತುಂಬು. ಇಲ್ಲಾ ಎದ್ದು ಹೋಗು," ಎಂದು ಹಲ್ಲು ಕಚ್ಚಿದ.

ಕಲ್ಲಕ್ಕ ಕುರ್ಚಿಯನ್ನು ಮೇಜಿಗೆ ಇನ್ನೂ ಹತ್ತಿರ ಎಳೆದುಕೊಂಡಳು. ತನ್ನ ಪರದೆಯಲ್ಲಿ ಉಲ್ಕೆಯ ಹಿಂಬದಿಗೆ ಅರ್ಧ ಬಿಡಿಸಿದ್ದ ಬಿರುಕಿನ ಗೆರೆಯ ಮೇಲೆ ಕೈ ಓಡಿಸುತ್ತಲೇ ಹೇಳಿದಳು.

"ಈ ಬಿರುಕೊಂದು ಮುಗೀಲಿ ದೊಡ್ಡಣ್ಣ."