ಬಾಣಂತಿ ಕೋಣೆಯ ಬೆಳಕಿಂಡಿ

ನಮ್ಮ ಮನೆ ಐ.ಡಿ.ಹಳ್ಳಿ ಕಡೆ, ಬೋಳುಬಂಡೆಯ ಬುಡದಲ್ಲಿತ್ತು. ಗೋಡೆ ಕಲ್ಲಿನದು, ನೆಲಕ್ಕೆ ಕಲ್ಲುಚಪ್ಪಡಿ. ಚಪ್ಪಡಿಗಳ ಸಂದಿನಲ್ಲಿ ಕಿರುಬೆರಳು ಹೋಗುತ್ತಿತ್ತು. ಒಳಕೋಣೆಗೆ ಇದ್ದದ್ದು ಒಂದೇ ಬೆಳಕಿಂಡಿ. ಎಪ್ಪತ್ತರ ದಶಕದ ಮೊದಲಲ್ಲಿ ನನ್ನ ಹೆಂಡತಿ ಮಗಳನ್ನು ಹೆತ್ತು ಆ ಕೋಣೆ ಸೇರಿದಾಗ, ಬಾಣಂತಿಗೆ ಗಾಳಿ ಸೋಕಬಾರದೆಂದು ಅವ್ವ ಹೇಳಿದಳು. ನಾನೇ ಕಲ್ಲು, ಕೆಮ್ಮಣ್ಣು ಇಟ್ಟು ಕಿಂಡಿ ಮುಚ್ಚಿದೆ. ಬಾಣಂತನ ಮುಗಿದರೂ ಅದನ್ನು ತೆಗೆಯಲಿಲ್ಲ. ತಾಯಿ ಮಗಳು ಅಲ್ಲೇ ಮಲಗುತ್ತಿದ್ದರು. ನಾನು ಕುರಿಗಳ ಕಾವಲಿಗೆ ಜಗುಲಿಯಲ್ಲಿ.

ಅಂಗಳದಲ್ಲಿ ರಾಗಿ ತುಂಬಿಡುವ ನೆಲಗುಂಡಿ ಇತ್ತು, ಹಗೇವು. ಒಳಗೆ ಕಟ್ಟಿದ ಕೆಟ್ಟ ಗಾಳಿಗೆ ಹೆದರಿ, ಬಾಯಿ ತೆಗೆದ ಕೂಡಲೇ ಅದಕ್ಕೆ ಯಾರೂ ಇಳಿಯುತ್ತಿರಲಿಲ್ಲ. ಅರ್ಧ ದಿನ ಗಾಳಿಗೆ ಬಿಟ್ಟು, ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಇಳಿಯುವುದು. ಒಂದು ಸಲ ಅದನ್ನು ನೋಡುತ್ತ ನಿಂತಿದ್ದ ಹೆಂಡತಿ ಅಂದಳು:

"ಹಗೇವುಗಾದ್ರೂ ಅರ್ದ ದಿನ ಗಾಳಿ ಬುಡ್ತೀರಿ. ನಂಗೆ ಅದೂ ಬ್ಯಾಡ್ವಾ?"

"ನಾಳೆ ಕಿಂಡಿ ತಗೀತೀನಿ ಬುಡು" ಅಂದೆ.

ಹತ್ತು ವರ್ಷ ಕಳೆದ ಮೇಲೆ ಅವಳಿಗೆ ಕೆಮ್ಮು ಶುರುವಾಯಿತು. ತುಮಕೂರಿನ ಡಾಕ್ಟರು ಶ್ವಾಸಕೋಶದ ಕ್ಯಾನ್ಸರ್ ಅಂದರು. ಬೀಡಿ ಸೇದ್ತೀಯಾ ಎಂದು ಕೇಳಿದರು.

"ಒಲೆ ಊದಿದ್ದು ಬುಟ್ರೆ ಬ್ಯಾರೆ ಹೊಗೆ ಕಾಣೆ ಸ್ವಾಮಿ."

ಕೊನೆಯ ವಾರ ಅವಳಿಗೆ ಉಸಿರು ಸಿಗುತ್ತಿರಲಿಲ್ಲ. ಹಾರೆ ತಂದು ಕಿಂಡಿಯ ಕಲ್ಲು ಮೀಟಿದೆ. ಬಿಸಿಲು ಅವಳ ಕಾಲ ಮೇಲೆ ಬಿತ್ತು.

"ಇವತ್ತು ಬಂತಾ ನಿಮ್ ನಾಳೆ" ಅಂದಳು.

ಎಷ್ಟೋ ವರ್ಷ ಆದ ಮೇಲೆ ಪತ್ರಿಕೆಯಲ್ಲಿ ಓದಿದೆ. ನಮ್ಮಂಥ ಕಲ್ಲುನೆಲದಿಂದ ರೇಡಾನ್ ಎಂಬ ಅನಿಲ ಏಳುತ್ತದಂತೆ. ಬಣ್ಣ, ವಾಸನೆ ಯಾವುದೂ ಇಲ್ಲ. ಮುಚ್ಚಿದ ಕೋಣೆಯಲ್ಲಿ ಸೇರಿಕೊಂಡು, ವರ್ಷಗಟ್ಟಲೆ ಉಸಿರಾಡಿದವರಿಗೆ ಶ್ವಾಸಕೋಶದ ಕ್ಯಾನ್ಸರ್ ತರಬಹುದಂತೆ. ನೆಲದ ಬಿರುಕು ಮುಚ್ಚಬೇಕು, ಗಾಳಿ ಆಡಲು ಬಿಡಬೇಕು. ನಾವು ಮಾಡಿದ್ದೆಲ್ಲ ತಿರುಗಾಮುರುಗಾ. ಅವಳಿಗೆ ಬಂದದ್ದು ಅದರಿಂದಲೋ, ಒಲೆಯ ಹೊಗೆಯಿಂದಲೋ, ಈಗ ಹೇಳಲಾಗದು ಎಂದರು ಬಲ್ಲವರು. ದೀಪ ಇಳಿಸಿ ನೋಡಿದ್ದರೆ ಗೊತ್ತಾಗುತ್ತಿತ್ತೇ ಎಂದು ಕೇಳಿದೆ. ಇಲ್ಲವಂತೆ. ಆ ಅನಿಲಕ್ಕೆ ದೀಪ ಆರುವುದಿಲ್ಲ.

ಸಂದುಗಳಿಗೆ ಸಿಮೆಂಟು ತುಂಬಿಸಿದ್ದೇನೆ. ಕಿಂಡಿ ತೆರೆದೇ ಇದೆ. ಆ ಕೋಣೆಯಲ್ಲಿ ಈಗ ಯಾರೂ ಮಲಗುವುದಿಲ್ಲ. ಅಲ್ಲೇ ಮಲಗಿ ಬೆಳೆದ ಮಗಳು ಮದುವೆಯಾಗಿ ಸಿರಾದಲ್ಲಿದ್ದಾಳೆ. ಫೋನಿನಲ್ಲಿ ಮಾತಾಡುತ್ತ ಅವಳು ಒಂದು ಸಲ ಕೆಮ್ಮಿದರೂ, ಎಷ್ಟು ದಿನದಿಂದ ಎಂದು ಕೇಳುತ್ತೇನೆ.