ಹಳದಿಗೆ ತಿರುಗಿದ ಕೌದಿಯ ಫೋಟೊ

ಮುದ್ದೇಬಿಹಾಳದ ನಮ್ಮ ಸ್ಟುಡಿಯೋದಲ್ಲಿ, ನಾನು ದಿನವಿಡೀ ಕಣ್ಣು ನೆಟ್ಟು ಕೂರುವ ಕಂಪ್ಯೂಟರಿನ ಪಕ್ಕದ ಗೋಡೆಗೆ ಒಂದು ಕೌದಿಯ ಫೋಟೊ ಅಂಟಿಸಿದ್ದೇನೆ. ಮನೆಮಂದಿಯ ಹಳೆಯ ಬಟ್ಟೆಗಳನ್ನು ಕತ್ತರಿಸಿ, ತುಂಡಿಗೆ ತುಂಡು ಕೂಡಿಸಿ, ಕೈಹೊಲಿಗೆಯಲ್ಲಿ ಮಾಡಿದ ಹೊದಿಕೆ ಅದು. ಫೋಟೊ ಮಾತ್ರ ಕೆಟ್ಟಿದೆ. ಬಿಳಿಯದೆಲ್ಲ ಹಳದಿಯಾಗಿ, ನೀಲಿಯದೆಲ್ಲ ಕಪ್ಪಿನಲ್ಲಿ ಮುಳುಗಿ, ಇಡೀ ಚಿತ್ರದ ಮೇಲೆ ಯಾರೋ ಅರಿಸಿನದ ನೀರು ಚೆಲ್ಲಿದ ಹಾಗಿದೆ. ಬಂದ ಗಿರಾಕಿಗಳು ಮೊದಲು ಅದನ್ನೇ ನೋಡುತ್ತಾರೆ. ಕೆಲವರು ಬಾಯಿ ಬಿಟ್ಟೇ ಕೇಳುತ್ತಾರೆ: "ಅಕ್ಕಾರ, ಹೊರಗ ಬೋರ್ಡಿನ್ಯಾಗ ಬಣ್ಣ ಬರೋಬ್ಬರಿ ಬರ್ತಾವು ಅಂತ ಬರದೀರಿ, ಒಳಗ ಇದೇನ್ರಿ?"

ಪ್ರಶ್ನೆ ನ್ಯಾಯವಾದದ್ದೇ. ಪರದೆಯ ಮೇಲೆ ಕಂಡ ಬಣ್ಣವನ್ನು ಹಾಗೆಯೇ ಕಾಗದಕ್ಕೆ ಇಳಿಸುವುದು ನನ್ನ ಕಸುಬು, ಮತ್ತು ಇಳಿಸಲು ಕೂತವರಿಗಷ್ಟೇ ಗೊತ್ತು ಅದರ ತಾಪತ್ರಯ. ಪರದೆ ತಾನೇ ಬೆಳಗುತ್ತದೆ. ಬಡಪಾಯಿ ಕಾಗದಕ್ಕೆ ಸ್ವಂತ ಬೆಳಕಿಲ್ಲ, ಅದು ಕಿಟಕಿಯಿಂದಲೋ ಟ್ಯೂಬ್‌ಲೈಟಿನಿಂದಲೋ ಒಂದಿಷ್ಟು ಕಡ ತಂದು ನಮಗೆ ತೋರಿಸಬೇಕು. ಸಿಂದಗಿಯ ಮದುಮಗಳೊಬ್ಬಳು ಆಲಮಟ್ಟಿಯ ಉದ್ಯಾನದಲ್ಲಿ ಗಿಳಿಹಸಿರು ಸೀರೆ ಉಟ್ಟು ನಿಂತದ್ದು ಪರದೆಯ ಮೇಲೆ ಝಗಝಗಿಸುತ್ತದೆ, ಕಾಗದದ ಮೇಲೆ ಅದೇ ಸೀರೆ ಒಗೆದೊಗೆದು ಹಳತಾದದ್ದರಂತೆ ಮಂಕಾಗಿ ಕೂರುತ್ತದೆ, ಮತ್ತು ಮದುಮಗಳ ಅಪ್ಪ ನನ್ನನ್ನು ಸೀರೆ ಕದ್ದವಳಂತೆ ದಿಟ್ಟಿಸುತ್ತಾನೆ. ಹೀಗಾಗಿಯೇ ನಾನು ಪರದೆಯ ಹೊಳಪನ್ನು ತಗ್ಗಿಸಿಟ್ಟುಕೊಂಡಿದ್ದೇನೆ. ಮೊದಲಿದ್ದ ಹಸಿರು ಗೋಡೆಯ ಛಾಯೆ ಬಣ್ಣದ ಮೇಲೆ ಬೀಳಬಾರದೆಂದು ಗೋಡೆಗೆಲ್ಲ ಬೂದುಬಣ್ಣ ಹೊಡೆಸಿದ್ದೇನೆ. ಪ್ರಿಂಟನ್ನು ಯಾವಾಗಲೂ ಕಿಟಕಿಯ ಬಳಿ ಒಯ್ದು ಹಗಲಿನಲ್ಲೇ ನೋಡುತ್ತೇನೆ. ಇಷ್ಟೆಲ್ಲ ಮಾಡಿ ಎರಡೂ ಬಣ್ಣ ಒಂದಾದಾಗ ಆಗುವ ಹಿಗ್ಗು ಇದೆಯಲ್ಲ, ಅದನ್ನು ಹೇಳಿದರೆ ನೀವು ನಗುತ್ತೀರಿ.

ಕೌದಿ ನಮ್ಮ ಅತ್ತೆಯದು. ಮಸೂತಿ ಎಂಬ ಊರಿಗೆ ಮದುವೆ ಮಾಡಿ ಕೊಟ್ಟ ನಾದಿನಿ ಬಸುರಿಯಾದಳೆಂದು ಗೊತ್ತಾದ ದಿನವೇ ಅತ್ತೆ ಟ್ರಂಕು ತೆಗೆದು ಕೂತಿದ್ದರು. ಮಾವನವರ ಧೋತರ, ಅವರದೇ ಒಂದು ಕಡುನೀಲಿ ಅಂಗಿ, ತಮ್ಮ ಕರಿಯ ಚಂದ್ರಕಾಳಿ ಸೀರೆ, ನಾನು ಉಟ್ಟು ಬಿಟ್ಟ ಕೆನೆಬಣ್ಣದ ಚೂಡಿದಾರ, ಹೀಗೆ ಮನೆಯವರೆಲ್ಲ ಕತ್ತರಿಗೆ ಸಿಕ್ಕೆವು. ಆಗ ಅವರ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಸೂಜಿಗೆ ದಾರ ಪೋಣಿಸಿ ಕೊಡುವುದಷ್ಟೇ ನನ್ನ ಪಾಲಿನ ಕೆಲಸ. ಉಳಿದದ್ದಕ್ಕೆ ಯಾರೂ ಕೈ ಹಾಕುವಂತಿರಲಿಲ್ಲ. ಕೌದಿ ಮುಗಿದ ಮೇಲೆ ವಿಜಯಪುರಕ್ಕೆ ಕರೆದೊಯ್ದು ಎಡಗಣ್ಣಿನ ಪೊರೆ ತೆಗೆಸಿದೆವು. ಬಲಗಣ್ಣಿನದು ಆಮೇಲೆ ಎಂದು ಡಾಕ್ಟರು ಹೇಳಿದರು.

ಊರಿಗೆ ಬಂದು, ಕರಿ ಕನ್ನಡಕ ತೆಗೆದ ದಿನ ಅತ್ತೆ ಕೌದಿಯನ್ನು ಅಂಗಳದಲ್ಲಿ ಹರಡಿದರು. ಹರಡಿದವರು ಅದರ ಅಂಚು ಹಿಡಿದು ಹಾಗೆಯೇ ಕೂತರು.

"ಯವ್ವಾ, ಈ ಕರೀ ಅಂಚಿನ್ಯಾಗ ನೀಲಿ ಯಾರ ಹಚ್ಚಿದ್ರು?"

"ನೀವ ಹಚ್ಚೀರಲ್ರಿ ಅತ್ತಿ."

"ಈ ಬಿಳೀದರಾಗ ಹಳದಿ?"

ಧೋತರದ ಮಗ್ಗುಲಿಗೆ ನನ್ನ ಕೆನೆಬಣ್ಣದ ಚೂಡಿದಾರ ಬಂದಿತ್ತು, ಚಂದ್ರಕಾಳಿಯ ಅಂಚಿನ ನಡುನಡುವೆ ಮಾವನವರ ನೀಲಿ ಅಂಗಿ. ಅವರ ಪೊರೆಗಣ್ಣಿಗೆ ಬಿಳಿಯೂ ಕೆನೆಯೂ ಒಂದೇ ಆಗಿ, ನೀಲಿಯೂ ಕಪ್ಪೂ ಒಂದೇ ಆಗಿ ಕಂಡಿದ್ದವು. ನನಗೆ ಅದು ಮೊದಲೇ ಕಂಡಿತ್ತು, ಬೇಕೆಂದೇ ಮಾಡಿದ ಅಂದವೆಂದು ನಾನು ತಿಳಿದಿದ್ದೆ. ಅತ್ತೆಯ ಮುಖ ಸಣ್ಣದಾಯಿತು. ಆಯುಷ್ಯವಿಡೀ ಓಣಿಯ ಕೂಸುಗಳಿಗೆಲ್ಲ ಕೌದಿ ಹೊಲಿದು, ಬಣ್ಣ ಕೂಡಿಸುವುದರಲ್ಲಿ ತಮ್ಮದು ಎತ್ತಿದ ಕೈ ಎಂದು ಬೀಗಿದವರು ಅವರು.

"ಬಿಚ್ಚಿ ಹಾಕ್ತೇನಿ," ಎಂದರು. "ಇದನ್ನ ಹೊತಗೊಂಡು ಮಸೂತಿಗಿ ಹ್ಯಾಂಗ ಹೋಗ್ಲಿ? ಬೀಗರು ಕುರುಡಿ ಹೊಲಿದ ಕೌದಿ ಅಂತಾರ."

"ಕೂಸಿಗೇನ ತಿಳೀತೈತಿ ಬಿಡ್ರಿ."

"ಕೂಸಿಗಿ ತಿಳಿಯಾಂಗಿಲ್ಲ. ನನಗ ತಿಳೀತಲ್ಲ."

ನನ್ನ ಅತ್ತೆ ಒಮ್ಮೆ ಅಂದರೆ ಮುಗಿಯಿತು. ಬಿಚ್ಚಿದರೆ ಹೆರಿಗೆಯ ಹೊತ್ತಿಗೆ ಮತ್ತೆ ಹೊಲಿದು ಮುಗಿಸುವುದು ಸಾಧ್ಯವಿರಲಿಲ್ಲ, ಅವರು ಬರಿಗೈಯಲ್ಲಿ ಮಗಳ ಬಾಣಂತನಕ್ಕೆ ಹೋಗುವವರೂ ಅಲ್ಲ. ಬಿಚ್ಚುವ ಮೊದಲು ಒಂದು ಫೋಟೊವಾದರೂ ಇರಲಿ ಎಂದು ಬೇಡಿಕೊಂಡು, ಮಾಳಿಗೆಯ ಮೇಲೆ ಬೆಳಗಿನ ಬಿಸಿಲಿನಲ್ಲಿ ತೆಗೆದುಕೊಂಡೆ. ಪ್ರಿಂಟು ನೋಡಿಯೇ ಕತ್ತರಿ ಹಿಡಿಯುತ್ತೇನೆಂದು ಅತ್ತೆ ಸ್ಟುಡಿಯೋಗೆ ಬಂದರು.

ಪರದೆಯ ಮೇಲೆ ಕೌದಿ ಇದ್ದ ಹಾಗೆಯೇ ಬಂದಿತ್ತು. ಪ್ರಿಂಟು ಹೊರಬಿದ್ದಾಗ ಮಾತ್ರ ನಾನು ತಲೆ ಚಚ್ಚಿಕೊಂಡೆ. ನಾವು ಆಸ್ಪತ್ರೆಯಲ್ಲಿದ್ದಷ್ಟು ದಿನ ಅಂಗಡಿ ಮುಚ್ಚಿತ್ತು, ನಮ್ಮ ಕಡೆಯ ಬಿಸಿಲಿಗೆ ಪ್ರಿಂಟರಿನ ನೀಲಿ, ಗುಲಾಬಿ ಶಾಯಿಗಳೆರಡೂ ಹೊರಬರುವ ಬಾಯಲ್ಲೇ ಒಣಗಿ ಕೂತಿದ್ದವು. ಹಳದಿ, ಕಪ್ಪು ಶಾಯಿಯಷ್ಟೇ ಇಳಿದ ಚಿತ್ರ ಹಳದಿಗೆ ತಿರುಗಿತ್ತು. ಮುದ್ದೆ ಮಾಡಿ ಬುಟ್ಟಿಗೆ ಎಸೆಯುವಷ್ಟರಲ್ಲಿ ಅತ್ತೆ ಕೈ ಹಿಡಿದರು.

"ತಡಿ ತಡಿ, ತಾ ಇಲ್ಲಿ."

ಸೆರಗಿನಿಂದ ಎಡಗಣ್ಣು ಮುಚ್ಚಿಕೊಂಡರು. ಪೊರೆಯ ಬಲಗಣ್ಣಿನಿಂದ ಆ ಕೆಟ್ಟ ಪ್ರಿಂಟನ್ನು ನೋಡಿದರು, ಪರದೆಯ ಮೇಲಿನ ಕೌದಿಯನ್ನು ನೋಡಿದರು. ಸೆರಗು ತೆಗೆದು ಬಲಗಣ್ಣು ಮುಚ್ಚಿ ಹೊಸ ಕಣ್ಣಿನಿಂದ ಎರಡನ್ನೂ ನೋಡಿದರು. ಆಮೇಲೆ ಪ್ರಿಂಟನ್ನು ಎತ್ತಿ ಹಿಡಿದು, "ಇದ ನೋಡವಾ ನಾ ಹೊಲಿದ ಕೌದಿ," ಎಂದರು. "ಹೊಲಿಯೂ ಮುಂದ ನನಗ ಹಿಂಗ ಕಂಡಿದ್ದು. ಇದರಾಗ ಒಂದ ತುಂಡರ ತಪ್ಪ ಕುಂತೈತೇನ, ತೋರಸು."

ನಾನು ಬಗ್ಗಿ ಹುಡುಕಿದೆ. ಆ ಹಳದಿಯೊಳಗೆ ಧೋತರವೂ ಚೂಡಿದಾರವೂ ಒಂದೇ ಬಣ್ಣವಾಗಿದ್ದವು. ಅಂಚಿನ ನೀಲಿ ಕಪ್ಪಿನಲ್ಲಿ ಕರಗಿ ಅಂಚು ಅಖಂಡವಾಗಿತ್ತು. ಒಂದು ತುಂಡೂ ಜಾಗ ತಪ್ಪಿರಲಿಲ್ಲ. ಅತ್ತೆ ತಾವು ಕಂಡ ಬಣ್ಣಕ್ಕೆ ಅಷ್ಟೊಂದು ನಿಷ್ಠೆಯಿಂದ ನಡೆದುಕೊಂಡಿದ್ದರು. ನಾನು ಇಷ್ಟು ವರ್ಷ ಪರದೆಗೂ ಕಾಗದಕ್ಕೂ ಸಂಧಾನ ಮಾಡಿಸುತ್ತ, ನೋಡುವ ಕಣ್ಣು ಎಲ್ಲರಿಗೂ ಒಂದೇ ಎಂದುಕೊಂಡೇ ಕೂತಿದ್ದೆ. ಇನ್ನೊಬ್ಬರ ಕಣ್ಣೊಳಗೆ ಹೋಗಿ ಕೂರಲು ನಮಗೆ ದಾರಿಯಿಲ್ಲ, ಅಲ್ಲವೇ ಸ್ನೇಹಿತರೇ? ನನಗೆ ಒಣಗಿದ ಶಾಯಿಯ ಕೃಪೆಯಿಂದ ಒಂದು ಗಳಿಗೆ ಆ ದಾರಿ ಸಿಕ್ಕಿತ್ತು. ಅತ್ತೆಯ ಮೇಲೆ ಎಂಥ ಪ್ರೀತಿ ಉಕ್ಕಿತೆಂದರೆ, ಅವರ ಎದುರಿಗೇ ಕಣ್ಣೊರೆಸಿಕೊಂಡೆ.

ಕತ್ತರಿ ಪೆಟ್ಟಿಗೆಗೆ ಮರಳಿತು. "ಬಿಚ್ಚೂದಿಲ್ಲ," ಎಂದರು ಅತ್ತೆ, "ನಿಮ್ಮ ಮಾವನ ನೀಲಿ ಅಂಗಿ ಅಂಚಿನ್ಯಾಗ ಚಂದ ಕಾಣತೈತಿ. ನಾ ನೋಡಿದ್ದಿಲ್ಲ ಅಷ್ಟ." ಈಗ ಮಸೂತಿಯಲ್ಲಿ ಆ ಕೌದಿಯ ಮೇಲೆ ಒಂದು ಹೆಣ್ಣುಕೂಸು ಕೈಕಾಲು ಬಡಿಯುತ್ತ ಮಲಗಿದೆ. ಬೀಗಿತಿ ಅಂಚನ್ನು ಮುಟ್ಟಿ ಮುಟ್ಟಿ ನೋಡಿ, ಈ ನೀಲಿ ಇಡುವ ಐಡಿಯಾ ಹೇಗೆ ಹೊಳೆಯಿತೆಂದು ಕೇಳಿದರಂತೆ. ಅತ್ತೆ ಗಂಭೀರವಾಗಿ, "ಹೊಳೀತ್ರಿ ಹಂಗ," ಎಂದು ಬಂದಿದ್ದಾರೆ.

ಆಮೇಲೆ ಬಲಗಣ್ಣಿನ ಪೊರೆಯನ್ನೂ ತೆಗೆಸಿದೆವು. ಕನ್ನಡಕ ಬಿಟ್ಟ ದಿನ ಅತ್ತೆ ನೇರವಾಗಿ ಸ್ಟುಡಿಯೋಗೆ ಬಂದು ಗೋಡೆಯ ಈ ಫೋಟೊದ ಮುಂದೆ ನಿಂತರು. ಎಡಗಣ್ಣು ಮುಚ್ಚಿದರು, ತೆಗೆದರು. ಬಲಗಣ್ಣು ಮುಚ್ಚಿದರು, ತೆಗೆದರು. ತಿರುಗಿ, ನಾನು ಪರದೆಯ ಮೇಲೆ ತೆರೆದಿಟ್ಟ ಕೌದಿಯನ್ನು ನೋಡಿದರು.

"ಈಗ ಎರಡೂ ಕಣ್ಣ ಒಂದ ಹೇಳಾಕತ್ತಾವ," ಎಂದು ನಕ್ಕರು. ನಗು ಪೂರ್ತಿ ಮುಖಕ್ಕೆ ಹರಡಲಿಲ್ಲ. ಅಂಗೈಯಿಂದ ಫೋಟೊ ಸವರಿ, "ಆ ಕಣ್ಣಿಂದು ಇಷ್ಟ ಉಳೀತು ನೋಡ," ಎಂದರು.

ಬಣ್ಣ ಹೊಂದಿಸುವುದೇ ನನ್ನ ಹೊಟ್ಟೆಪಾಡು. ಎರಡೂ ಕಣ್ಣಿಗೆ ಕಂಡ ಬಣ್ಣ ಹೊಂದಿಬಿಟ್ಟಿತಲ್ಲ ಎಂದು ನನಗೆ ಸಂಕಟವಾದದ್ದು ಅವತ್ತೇ ಮೊದಲು. ಈಗ ಯಾರಾದರೂ ಆ ಗೋಡೆಯತ್ತ ಬೆರಳು ತೋರಿಸಿ ಇದೇನ್ರಿ ಎಂದರೆ ನಾನು ಪರದೆಯಿಂದ ಕಣ್ಣು ಕೀಳುವುದಿಲ್ಲ. "ಅದರಾಗ ಬಣ್ಣ ಬರೋಬ್ಬರಿ ಬಂದಾವ್ರಿ," ಎನ್ನುತ್ತೇನೆ.